ಎರಡು ಗುಂಟೆ ಖರಾಬು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ಕಂಪ್ಯೂಟರ್ ಕೆಲಸಕ್ಕೆ ಸಿಡುಕು ಸ್ವಭಾವವೇ ಒಳ್ಳೆಯದು, ಸಿಡುಕಿನವರ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ ಎಂದು ಆಗ ಗಟ್ಟಿಯಾಗಿ ನಂಬಿದ್ದೆ. ಈಗ ಯಾರಾದರೂ ಹಾಗೆಂದರೆ ಎದ್ದು ಹೊರಗೆ ಹೋಗುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದಲ್ಲಿ ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ ನನ್ನ ಕಂಪ್ಯೂಟರ್ ಸೆಂಟರ್ ಇತ್ತು. ಬೆಳಿಗ್ಗೆ ಕಲಿಯುವವರು ಬರುತ್ತಿದ್ದರು, ಮಧ್ಯಾಹ್ನದ ಮೇಲೆ ನಾನು, ನನ್ನ ಪ್ರೋಗ್ರಾಮು, ಕೆಳಗಿನಿಂದ ಏರಿ ಬರುವ ಯೂರಿಯಾ ವಾಸನೆ. ಸೊರಬದಲ್ಲಿ ಇನ್ನೊಬ್ಬರು ಇಂಥದೇ ಅಂಗಡಿ ಇಟ್ಟಿದ್ದರು. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದವರು, ಅಡಿಕೆ ತೋಟದ ಮನೆತನ, ಮೆತ್ತಗಿನ ಮನುಷ್ಯ. ಅವರ ಅಂಗಡಿಯ ಪಕ್ಕದಲ್ಲಿ ಒಬ್ಬ ವಕೀಲರು ಕೂರುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಪಂಚಾಯ್ತಿಯ ಹಿರಿಯರ ಮುಂದಿಡಲು ಪಾಲುಪಟ್ಟಿ ಬೇಕು, ಅದನ್ನು ಕಂಪ್ಯೂಟರಿನಲ್ಲಿ ಮಾಡಿಕೊಟ್ಟರೆ ಜಗಳ ಕಡಿಮೆಯಾದೀತು ಎಂದು ಆ ವಕೀಲರೇ ನಮ್ಮ ತಲೆಗೆ ಹುಳ ಬಿಟ್ಟರು.

ಎಕರೆ, ಗುಂಟೆ, ಆಣೆಗಳ ಲೆಕ್ಕ ಹತ್ತರಲ್ಲಿ ಹೋಗುವುದಿಲ್ಲ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಪ್ರತಿ ಪ್ರೋಗ್ರಾಮಿನಲ್ಲೂ ಈ ಲೆಕ್ಕವನ್ನು ಮತ್ತೆ ಮತ್ತೆ ಬರೆಯುವ ಬದಲು ಒಂದೇ ಸಲ ಬರೆದಿಟ್ಟು, ಬೇಕಾದ ಪ್ರೋಗ್ರಾಮು ಅಲ್ಲಿಂದ ಎತ್ತಿಕೊಳ್ಳುವಂತೆ ಮಾಡುವುದಕ್ಕೆ ನಮ್ಮ ಕಸುಬಿನಲ್ಲಿ ಲೈಬ್ರರಿ ಎನ್ನುತ್ತಾರೆ. ನಾನು ಎರಡು ತಿಂಗಳು ಕೂತು ಹತ್ತು ಫೈಲುಗಳಲ್ಲಿ ಅದನ್ನು ಬರೆದೆ. ಆದರೆ ಬರೆದದ್ದೇ ಓಡುವುದಿಲ್ಲ. ಆಯಾ ಯಂತ್ರದ ಮೇಲೆ ಅದನ್ನು ಕಂಪೈಲ್ ಮಾಡಿ ಕಟ್ಟಬೇಕು. ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು ನನ್ನಲ್ಲಿ ಲಿನಕ್ಸ್, ಸೊರಬದವರಲ್ಲಿ ಡಾಸ್. ಇಲ್ಲಿ ಕಟ್ಟಿದ್ದು ಅಲ್ಲಿ ನಡೆಯುವುದಿಲ್ಲ. ಹಿಟ್ಟು ಒಂದೇ ಆದರೂ ಅವರವರ ಒಲೆಯ ಮೇಲೆ ಅವರವರೇ ರೊಟ್ಟಿ ಬೇಯಿಸಿಕೊಳ್ಳಬೇಕಾದಂತೆ ಅದು.

ಹತ್ತರಲ್ಲಿ ಎರಡು ಫೈಲು ಖರಾಬಿನವು. ಉಳಲು ಬಾರದ ನೆಲಕ್ಕೆ ಖರಾಬು ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಎ ಖರಾಬು ಎಂದರೆ ಕಲ್ಲು, ದಿಬ್ಬ, ಕಣ. ಉಳದಿದ್ದರೂ ಅದು ಹೊಲದವನದೇ. ಬಿ ಖರಾಬು ಎಂದರೆ ಬಂಡಿದಾರಿ, ಹಳ್ಳದಂಥವು. ಅದು ಹೊಲದೊಳಗೆ ಹಾದುಹೋದರೂ ಹೊಲದವನದಲ್ಲ, ಊರಿಗೆ ಸೇರಿದ್ದು. ಪಾಲು ಮಾಡುವಾಗ ಎ ಖರಾಬು ತನ್ನ ಹೊಲದ ಜೊತೆ ಹೋಗಬೇಕು, ಬಿ ಖರಾಬನ್ನು ಕಳೆದು ಬದಿಗಿಡಬೇಕು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ನನ್ನ ಅಕ್ಕ.

ಅಕ್ಕನನ್ನು ಕೊಟ್ಟದ್ದು ಸೊರಬ ತಾಲೂಕಿನ ಉಳವಿಯ ಕಡೆಗೆ. ಮೂವರು ಅಣ್ಣತಮ್ಮಂದಿರ ಕೂಡುಮನೆ, ಭಾವ ಕೊನೆಯವರು. ಇದ್ದ ಒಬ್ಬಳೇ ಮಗಳು ಐದನೇ ವರ್ಷದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ನಮ್ಮಲ್ಲಿ ಸುಡುವುದಿಲ್ಲ. ಸ್ವಂತ ಹೊಲ ಇದ್ದವರು ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಾರೆ. ಭಾವ ಉಳುತ್ತಿದ್ದ ಗದ್ದೆಯ ಮೇಲಂಚಿಗೆ ಎರಡು ಗುಂಟೆ ಕಲ್ಲುನೆಲ ಇತ್ತು, ಎ ಖರಾಬು. ಕೂಸನ್ನು ಇಟ್ಟದ್ದು ಅಲ್ಲಿ. ಮೇಲೆ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿದ್ದರು. ಸೋಮವಾರ ಬಂದರೆ ಅಕ್ಕ ಒಂದು ಲೋಟ ಹಾಲು ತೆಗೆದುಕೊಂಡು ಹೋಗಿ ಅಲ್ಲಿ ಕೂತು ಬರುತ್ತಿದ್ದಳು. ಅವಳಿಗೆ ಇನ್ನೊಂದು ಮಗು ಆಗಲಿಲ್ಲ.

ಮನೆ ಬೇರೆಯಾಗುವ ಮಾತು ಎದ್ದಾಗ ಅಕ್ಕ ನನ್ನ ಹತ್ತಿರ ಕೇಳಿದ್ದು ಒಂದೇ.

"ಉಳಿದಿದ್ದು ಯಾರಿಗಾದ್ರೂ ಹೋಗ್ಲಿ. ಕೂಸು ಇರೋ ಆ ಎರಡು ಗುಂಟೆ ನಮ್ಮ ಪಾಲಿಗೇ ಬರ್ತೈತಲ್ಲೇ?"

"ಬರದೆ ಎಲ್ಲಿಗೆ ಹೋಗ್ತೈತಿ? ಗದ್ದೆ ಭಾವಂದು ಅಂದ್ಮೇಲೆ ಖರಾಬೂ ಭಾವಂದೇ. ನನ್ನ ಪ್ರೋಗ್ರಾಮಲ್ಲಿ ಹಂಗೇ ಬರ್ದೀನಿ. ಅದು ಯಾರ ಮುಖಾನೂ ನೋಡಂಗಿಲ್ಲ," ಎಂದೆ.

ಅವಳ ಮುಖ ಸಡಿಲಾದದ್ದು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಥೂ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅಕ್ಕನ ದೊಡ್ಡ ಭಾವ, ಅಂದರೆ ಆ ಮನೆಯ ಹಿರಿಯಣ್ಣ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೀಸಣಿಗೆ ಆಡಿಸುತ್ತ ಮೆಲ್ಲಗೆ ಮಾತಾಡುವವರು, ಅವರು ಆಡಿದ ಮೇಲೆ ಆ ಮನೆಯಲ್ಲಿ ಬೇರೆ ಮಾತಿಲ್ಲ. ನಮ್ಮ ಭಾವನಂತೂ ಅಣ್ಣನ ಮುಂದೆ ಬಾಯಿ ಬಿಟ್ಟವರೇ ಅಲ್ಲ. ಪಾಲುಪಟ್ಟಿ ನಾನೇ ಮಾಡಿಕೊಡುತ್ತೇನೆ ಎಂದಾಗ ದೊಡ್ಡವರು ನಕ್ಕರು.

"ತಂಗೀ, ನೀನು ನಮ್ಮ ಸಣ್ಣವನ ಹೆಂಡ್ತಿ ಒಡಹುಟ್ಟಿದೋಳು. ಶಿಕಾರಿಪುರದಲ್ಲಿ ಮಾಡಿಸಿದ್ರೆ ನಾಳೆ ಜನ ನಾಕು ಮಾತಾಡ್ತಾರೆ. ಸೊರಬದಲ್ಲೇ ಆಗ್ಲಿ. ಪ್ರೋಗ್ರಾಮು ನಿಂದೇ ಅಲ್ವಾ, ಎಲ್ಲಿ ಮಾಡಿದ್ರೂ ಒಂದೇ."

ನ್ಯಾಯವಾದ ಮಾತು. ಒಪ್ಪಿಕೊಂಡೆ. ಸೊರಬದ ಯಂತ್ರದ ಮೇಲೆ ಲೈಬ್ರರಿ ಇನ್ನೂ ಕಟ್ಟಿರಲಿಲ್ಲ, ಅದಕ್ಕೊಂದು ನೆಪವೂ ಸಿಕ್ಕಿತು. ಹತ್ತೂ ಫೈಲುಗಳನ್ನು ಒಂದು ಫ್ಲಾಪಿಗೆ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೊರಬದ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಔಷಧಿ, ಲಗ್ನಪತ್ರಿಕೆ, ಟಿಫಿನ್ ಡಬ್ಬಿ ಎಲ್ಲ ಹಾಗೆಯೇ ಹೋಗುತ್ತಿದ್ದವು. ಅಲ್ಲಿ ಅವರು ಬಸ್ಸಿಗೆ ಕಾದು ಇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ಅವರ ಫೋನು ಬಂತು. ಕಟ್ಟುವಾಗ ಏನೋ ಒಂದು ಹೆಸರು ಸಿಗುತ್ತಿಲ್ಲ ಎಂದು ಯಂತ್ರ ತಗಾದೆ ತೆಗೆಯುತ್ತಿದೆಯಂತೆ. ಎದುರಿಗೆ ಕಲಿಯಲು ಬಂದವರು ಕೂತಿದ್ದರು. ನನಗೆ ರೇಗಿತು.

"ಕಳಿಸಿದ್ದೆಲ್ಲ ಅದರಲ್ಲೇ ಐತ್ರೀ. ನಂಗೆ ಇಲ್ಲಿ ಸರಿಯಾಗಿ ಕಟ್ಕೊಳ್ತೈತಿ, ನಿಮಗ್ಯಾಕೆ ಕಟ್ಕೊಳ್ಳಲ್ಲ? ಹುಡುಕ್ರೀ!" ಎಂದು ಫೋನಿಟ್ಟೆ.

ಸಂಜೆ ನಾನೇ ಮಾಡಿದೆ. ಕಟ್ಟಿ ಮುಗಿಯಿತು ಎಂದರು. ಹೇಗೆ ಎಂದು ನಾನು ಕೇಳಲಿಲ್ಲ. ಪರೀಕ್ಷೆಗೆ ಹನ್ನೆರಡು ಲೆಕ್ಕ ಕೊಟ್ಟಿದ್ದೆ, ತಾಳಗುಂದದಲ್ಲಿದ್ದ ನಮ್ಮಪ್ಪನ ಹೊಲಗಳವು. ಎರಡೂ ಯಂತ್ರದಲ್ಲಿ ಅದೇ ಉತ್ತರ ಬರಬೇಕು. ಅವರು ಅಲ್ಲಿಂದ ಒಂದೊಂದೇ ಓದುವುದು, ನಾನು ಇಲ್ಲಿ ನನ್ನ ಹಾಳೆಯ ಮೇಲೆ ಗುರುತು ಹಾಕುವುದು. ಹನ್ನೊಂದು ಸರಿಯಾಗಿ ಬಂದವು. ಹನ್ನೆರಡನೆಯದು ಓದಿದರು.

"ಮೂರು ಎಕರೆ ಹದಿನಾರು ಗುಂಟೆ."

"ಏನ್ರೀ ಹದಿನಾರು? ಹದಿನೆಂಟು! ಅಪ್ಪನ ಹೊಲ ನಂಗೊತ್ತಿಲ್ವಾ? ಕಣ್ಣು ಬಿಟ್ಟು ಓದ್ರೀ. ಬೆಳಿಗ್ಗೆಯಿಂದ ಇದೇ ಆಯ್ತು ನಿಮ್ದು."

ತಂತಿಯಲ್ಲಿ ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು. ಆಮೇಲೆ ಅವರ ದನಿ ಬಂತು.

"ಹೌದು ಮಾರಾಯ್ತಿ. ಹದಿನೆಂಟೇ."

ನಾನು ಹನ್ನೆರಡನೆಯ ಗುರುತನ್ನೂ ಹಾಕಿದೆ.

ಅದಾಗಿ ಹತ್ತು ಹದಿನೈದು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ದೊಡ್ಡವರು ನನ್ನ ಮಹಡಿ ಹತ್ತಿ ಬಂದರು. ಮೆಕ್ಕೆಜೋಳದ ಬೀಜಕ್ಕೆಂದು ಪೇಟೆಗೆ ಬಂದಿದ್ದರಂತೆ. ಹಿಂದೆಂದೂ ನನ್ನ ಅಂಗಡಿಗೆ ಕಾಲಿಟ್ಟವರಲ್ಲ. ಕುರ್ಚಿ ಕೊಟ್ಟೆ, ಕೂರಲಿಲ್ಲ. ಯಂತ್ರದ ಸುತ್ತ ಒಂದು ಸುತ್ತು ಬಂದು, ಅದರ ನೆತ್ತಿಯ ಮೇಲೆ ಕೈಯಿಟ್ಟು, ಬಿಸಿ ಐತಲ್ಲ ಎಂದರು. ಟ್ರ್ಯಾಕ್ಟರ್ ತೆಗೆದುಕೊಂಡಿರುವ ಸುದ್ದಿ ಹೇಳಿದರು. ತಮ್ಮ ಕೆಳಗಿನ ಗದ್ದೆಗೆ ಅದನ್ನು ಇಳಿಸುವುದಕ್ಕೆ ದಾರಿಯೇ ಇಲ್ಲ, ಬೇರೆಯವರ ಗದ್ದೆ ಬಳಸಿ ಸುತ್ತು ಹೊಡೆಯಬೇಕು ಎಂದರು. ಆಮೇಲೆ ಕೇಳಿದರು.

"ಅಲ್ಲ ತಂಗೀ, ಹಾಳೆಯಲ್ಲಿ ಒಂದ್ಸಲ ಬಂದಿದ್ದು ಬದಲಾಗಲ್ಲ ತಾನೇ? ಯಾರೋ ಅತ್ರು, ಕರೆದ್ರು ಅಂತ?"

ಅವರ ಅಂಗಿಯ ಜೇಬಿನಲ್ಲಿ ಮಡಿಚಿದ ಹಾಳೆಯೊಂದು ಕಾಣುತ್ತಿತ್ತು. ಅಂಚಿನಲ್ಲಿ ಸಾಲು ತೂತುಗಳಿದ್ದ ಪ್ರಿಂಟರ್ ಕಾಗದ. ನನಗೆ ಅದು ಗೊತ್ತಾಯಿತು. ತೋರಿಸಿ ಎನ್ನಲಿಲ್ಲ. ಅಕ್ಕನ ಕಡೆಯವಳಾದ ನಾನು ಕೇಳಬಾರದು ಎಂದು ನನ್ನ ದೊಡ್ಡಸ್ತಿಕೆ.

"ಯಾರು ಅತ್ತರೂ ಬದಲಾಗಲ್ಲ," ಎಂದೆ.

"ಅಷ್ಟು ಗಟ್ಟಿ ಇದ್ರೆ ಆಯ್ತು ಬಿಡು," ಎಂದು ಮೆಟ್ಟಿಲಿಳಿದರು. ಅವರು ಹೋದ ಮೇಲೆ ಬಹಳ ಹೊತ್ತು ನನಗೆ ಕೆಲಸ ಸಾಗಲಿಲ್ಲ. ಅಳುವವರು ಯಾರು, ಯಾಕೆ ಅಳಬೇಕು ಎಂಬ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು. ಅಕ್ಕನಿಗೆ ಒಂದು ಕಾಗದ ಹಾಕೋಣ ಎಂದುಕೊಂಡೆ, ಹಾಕಲಿಲ್ಲ. ಪ್ರತಿ ವಾರ ಯಾರ ಕೈಯಲ್ಲಾದರೂ ಒಂದು ಸುದ್ದಿ ಹೇಳಿ ಕಳಿಸುತ್ತಿದ್ದವಳು ಆ ವಾರ ಏನೂ ಹೇಳಿ ಕಳಿಸಲಿಲ್ಲ. ಮುಂದಿನ ವಾರವೂ ಇಲ್ಲ.

ತಪ್ಪು ಸಿಕ್ಕಿದ್ದು ಅದನ್ನು ಹುಡುಕುವಾಗ ಅಲ್ಲ. ಇನ್ನೊಬ್ಬರಿಗೆ ಲೈಬ್ರರಿ ಕೊಡಬೇಕಾಗಿ ಬಂತು, ಅವರದೂ ಡಾಸ್ ಯಂತ್ರವೇ. ಹಿಂದಿನಂತೆಯೇ ಹತ್ತೂ ಫೈಲು ಫ್ಲಾಪಿಗೆ ಹಾಕಿದೆ. ಕೊಡುವ ಮುಂಚೆ ಸುಮ್ಮನೆ ಒಮ್ಮೆ ಒಳಗೇನಿದೆ ಎಂದು ಪಟ್ಟಿ ತೆಗೆಸಿದೆ. ಒಂಬತ್ತೇ ಇದ್ದವು.

ಮತ್ತೆ ಎಣಿಸಿದೆ. ಒಂಬತ್ತು.

ಡಾಸಿನ ಫ್ಲಾಪಿಯಲ್ಲಿ ಫೈಲಿನ ಹೆಸರಿಗೆ ಎಂಟಕ್ಷರದ ಮಿತಿ. ಗೊತ್ತಿಲ್ಲದ ವಿಷಯವಲ್ಲ, ಕಲಿಯಲು ಬಂದವರಿಗೆ ನಾನೇ ಪಾಠ ಮಾಡುತ್ತಿದ್ದೆ. ನನ್ನ ಲಿನಕ್ಸಿನಲ್ಲಿ ಆ ಮಿತಿ ಇರಲಿಲ್ಲವಾದ್ದರಿಂದ ಖರಾಬಿನ ಎರಡು ಫೈಲುಗಳಿಗೂ ಒಂಬತ್ತಕ್ಷರದ ಹೆಸರಿಟ್ಟಿದ್ದೆ. ಮೊದಲ ಎಂಟೂ ಒಂದೇ, ಕೊನೆಗೆ ಒಂದಕ್ಕೆ ಎ, ಇನ್ನೊಂದಕ್ಕೆ ಬಿ. ಫ್ಲಾಪಿಗೆ ಹೋಗುವಾಗ ಕೊನೆಯ ಅಕ್ಷರ ಉದುರಿ ಎರಡೂ ಒಂದೇ ಹೆಸರಿನವಾದವು. ಮೊದಲು ಹೋದ ಎ ಫೈಲಿನ ಮೇಲೆಯೇ ಬಿ ಫೈಲು ಕೂತಿತು. ಒಂದು ಸದ್ದಿಲ್ಲ, ಒಂದು ಎಚ್ಚರಿಕೆಯಿಲ್ಲ. ಅಂದರೆ ಎ ಖರಾಬು ಎಂಬುದು ಸೊರಬಕ್ಕೆ ಹೋಗಿಯೇ ಇರಲಿಲ್ಲ.

ಹಾಗಾದರೆ ಅಲ್ಲಿ ಅದು ಕಟ್ಟಿಕೊಂಡದ್ದು ಹೇಗೆ? ಫೋನು ಮಾಡುವ ಧೈರ್ಯವೂ ಆಗಲಿಲ್ಲ. ಅಕ್ಕನ ಮನೆಯ ಜಮೀನಿನ ವಿವರ ನನ್ನ ಹತ್ತಿರ ಇತ್ತು. ಸರಿಯಾದ ಪಾಲುಪಟ್ಟಿಯನ್ನು ನನ್ನ ಯಂತ್ರದಲ್ಲೇ ತೆಗೆದು, ಬಾಗಿಲಿಗೆ ಬೀಗ ಹಾಕಿ, ಸಿಕ್ಕಿದ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಡ್ರೈವರ್ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಯಾರದೋ ಜೊತೆ ನಗುತ್ತ ನಿಂತಿದ್ದರು. ಇಳಿದು ಹೋಗಿ ಅವರ ಕೊರಳಪಟ್ಟಿ ಹಿಡಿಯಬೇಕು ಎನಿಸಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮುಖ ನೋಡಿ, ಯಾರಿಗಾದ್ರೂ ಹುಷಾರಿಲ್ಲೇನವ್ವಾ ಎಂದು ಕೇಳಿದಳು.

ಸೊರಬದವರು ನನ್ನನ್ನು ಕಂಡು ಎದ್ದು ನಿಂತರು. ಕೂರಿ ಎನ್ನುವ ಮೊದಲೇ ಕೇಳಿದೆ.

"ಆ ಹೆಸರು ಸಿಗ್ತಿಲ್ಲ ಅಂದ್ರಲ್ಲ, ಏನು ಮಾಡಿದ್ರಿ?"

"ಓ, ಅದಾ. ಎ ಖರಾಬಿನ ಲೆಕ್ಕ ಎಲ್ಲೂ ಇರ್ಲಿಲ್ಲ. ಬಿ ಖರಾಬಿಂದು ಇತ್ತು. ಒಂದು ಸಾಲು ಬರ್ದು, ಎ ಕೇಳಿದಾಗೆಲ್ಲ ಬಿ ಕಡೆಗೆ ಕಳಿಸಿಬಿಟ್ಟೆ. ಕಟ್ಕೊಂಡ್ತು. ಎರಡೂ ಖರಾಬೇ ಅಲ್ದಾ? ಉಳೋಕೆ ಬರದ ನೆಲ. ಅದ್ರಲ್ಲಿ ಎಂತ ಇರ್ತದೆ?"

ಅದರಲ್ಲಿ ಏನಿರುತ್ತದೆ ಎಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವರ ಮನೆಗಳಲ್ಲಿ ಸುಟ್ಟು ಬೂದಿಯನ್ನು ಹೊಳೆಗೆ ಬಿಡುತ್ತಾರೆ. ಹೊಲದ ಮೂಲೆಯ ಕಲ್ಲು ನೆಲ ಅವರಿಗೆ ಕಲ್ಲು ನೆಲ, ಅಷ್ಟೇ. ನಾನು ಹೇಳಿದೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಮತ್ತೆ ಪರೀಕ್ಷೆ? ಹನ್ನೆರಡನೇ ಲೆಕ್ಕ? ಅಪ್ಪನ ಹೊಲದಲ್ಲೂ ಎರಡು ಗುಂಟೆ ಎ ಖರಾಬು ಐತಿ. ನಿಮ್ಮದರಲ್ಲಿ ಹದಿನೆಂಟು ಹೆಂಗೆ ಬಂತು?" ಎಂದೆ. ದನಿ ಏರಿತ್ತು. ಪಕ್ಕದ ವಕೀಲರ ಗುಮಾಸ್ತ ಬಗ್ಗಿ ನೋಡಿದ.

"ಬರ್ಲಿಲ್ಲ," ಎಂದರು ಅವರು. "ಹದಿನಾರೇ ಬಂದಿದ್ದು. ಹದಿನಾರು ಅಂತ್ಲೇ ಓದ್ದೆ. ನೀವು ಬೈದ್ರಿ. ನಂದೇ ಕಣ್ಣು ತಪ್ಪಿರ್ಬೇಕು, ಮತ್ತೆ ಬೈಸ್ಕೊಳ್ಳೋದು ಬೇಡ ಅಂತ ಹೂಂ ಅಂದ್ಬಿಟ್ಟೆ."

ಯಂತ್ರ ಸರಿಯಾಗಿಯೇ ಎಚ್ಚರಿಸಿತ್ತು, ಅವರು ಸರಿಯಾಗಿಯೇ ಓದಿದ್ದರು, ನಾನೇ ಅದನ್ನು ಅವರ ಗಂಟಲಿಗೆ ವಾಪಸು ತುರುಕಿದ್ದೆ. ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯವನ್ನು ಇಂದಿಗೂ ಹೇಳಲಾರೆ. ಅಕ್ಕನ ಮನೆಯ ಪಂಚಾಯ್ತಿ ಆಯಿತೇ ಎಂದು ಕೇಳಿದೆ. ಆಗಿ ವಾರದ ಮೇಲಾಯಿತು, ಎಲ್ಲರೂ ಒಪ್ಪಿ ಸಹಿ ಹಾಕಿದರಂತೆ ಎಂದರು. ಜೊತೆಗೆ ಬರುತ್ತೇನೆ ಎಂದು ಚಪ್ಪಲಿ ಹಾಕಿಕೊಂಡರು. ಬೇಡ ಎಂದೆ.

ಉಳವಿಯಲ್ಲಿ ಇಳಿದು ನಡೆಯುವಾಗ ಬಿಸಿಲು ಇನ್ನೂ ಇತ್ತು. ಮನೆಗೆ ಹೋಗದೆ ನೇರವಾಗಿ ಗದ್ದೆಯ ಕಡೆ ಹೋದೆ. ಒಂದು ವಾರದಲ್ಲಿ ಏನಾದೀತು, ಹಳ್ಳಿಯಲ್ಲಿ ಯಾವ ಕೆಲಸ ಒಂದು ವಾರದಲ್ಲಿ ಆಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ದೂರದಿಂದಲೇ ಕೆಂಪಗೆ ಕಂಡಿತು. ಹೊಸ ಗರಸು ಮಣ್ಣು.

ಮೇಲಂಚಿನ ಕಲ್ಲುನೆಲವನ್ನು ಸಮ ಮಾಡಿ, ಗರಸು ಸುರಿದು, ದಿಮ್ಮಸು ಹಾಕಿ ದಾರಿ ಮಾಡಿದ್ದರು. ಅದರ ಮೇಲೆ ಟ್ರ್ಯಾಕ್ಟರಿನ ಗಾಲಿಯ ಗುರುತು, ಹೋದದ್ದು, ಬಂದದ್ದು, ಮತ್ತೆ ಹೋದದ್ದು. ಕಲ್ಲನ್ನು ಕಿತ್ತು ಬದಿಯ ಬದುವಿನ ಮೇಲೆ ಇಟ್ಟಿದ್ದರು. ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆದ ಗುರುತೂ ಇತ್ತು. ಕಲ್ಲು ಮಾತ್ರ ಬದಿಗೆ ಬಂದಿತ್ತು. ಕೂಸು ಇದ್ದಲ್ಲೇ ಇತ್ತು, ದಾರಿಯ ಕೆಳಗೆ.

ಅಕ್ಕ ಹಿತ್ತಲಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ನಾನು ನನ್ನ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಬೆರಳಿಟ್ಟು ಮೆಲ್ಲಗೆ ಓದುತ್ತ ಹೋಗಿ ಒಂದು ಸಾಲಿನಲ್ಲಿ ನಿಂತಳು. ಭಾವನ ಹೆಸರು, ಗದ್ದೆ, ಅದರ ಜೊತೆಗೆ ಎರಡು ಗುಂಟೆ.

"ಇದ್ರಾಗ ನಮ್ದು ಅಂತ ಐತಲ್ಲೇ," ಎಂದಳು.

"ಹೂಂ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ದೊಡ್ಡ ಭಾವನೋರು ಪಂಚಾಯ್ತಿಯಲ್ಲಿ ಓದಿ ಹೇಳಿದ್ರು, ಆ ಜಾಗ ಮೊದ್ಲಿಂದ್ಲೂ ಊರಿನ ದಾರಿ, ನಾವೇ ಗೊತ್ತಿಲ್ದೆ ಅಲ್ಲಿ ಇಟ್ವಿ ಅಂತ. ಇವ್ರು ತಲೆ ತಗ್ಗಿಸಿ ಕೂತ್ರು. ಹಿರೇರೆಲ್ಲ ನನ್ನ ಮುಖ ನೋಡಿದ್ರು. ತಾಯಿ ಒಪ್ಪದೆ ಅಲ್ಲಿ ಗುದ್ದಲಿ ಹಾಕೋದು ಬ್ಯಾಡ ಅಂದ್ರು. ನೀನು ಹೂಂ ಅಂದ್ರೆ ಮಾತ್ರ ಅಂದ್ರು." ಅವಳು ಹಾಳೆಯನ್ನು ಮಡಿಚಿದಳು. "ನನ್ನ ತಂಗಿ ಬರ್ದಿರೋದು, ಅದರಾಗ ಸುಳ್ಳು ಬರಂಗಿಲ್ಲ ಅಂತ ನಾನೇ ಎಲ್ಲರಿಗಿಂತ ಮೊದ್ಲು ಸಹಿ ಹಾಕ್ದೆ."

ಕೊಟ್ಟಿಗೆಯ ಹಿಂದೆ ಎಲ್ಲೋ ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ಅದರ ಸದ್ದು ಗದ್ದೆಯ ಕಡೆಗೆ ಹೋಯಿತು.

"ತಪ್ಪು ಎಲ್ಲಿ ಆತೇ?" ಎಂದು ಕೇಳಿದಳು.

ಹೇಳಬೇಕಾದ್ದೆಲ್ಲ ನಾಲಿಗೆಯ ಮೇಲೇ ಇತ್ತು. ಒಂಬತ್ತಕ್ಷರದ ಹೆಸರು, ಎಣಿಸದೆ ಕಳಿಸಿದ ಫ್ಲಾಪಿ, ಹದಿನಾರು ಎಂದು ಓದಿದವರನ್ನು ಬೈದು ಹದಿನೆಂಟು ಅನ್ನಿಸಿದ್ದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮನೆಯಲ್ಲಿ ಅವಳಿಗೆ ನಂಬಲು ಇನ್ಯಾರೂ ಉಳಿದಿರಲಿಲ್ಲ.

"ಸೊರಬದಾಗೆ," ಎಂದೆ.

"ನಾನೂ ಅದ್ನೇ ಅಂದ್ಕೊಂಡೆ. ನಿನ್ನ ಕೈಯಾಗ ಆಗೋದಲ್ಲ ಅದು," ಎಂದು ಅಕ್ಕ ಎದ್ದಳು. ಬಿಸಿಲಲ್ಲಿ ಬಂದೀ, ಉಂಡು ಹೋಗು ಎಂದು ಒಳಗೆ ಹೋಗಿ ತಟ್ಟೆ ಹಾಕಿದಳು. ನಾನು ಕೂತು ಉಂಡೆ.